ಸೇಡಂ ರಸ್ತೆಯಲ್ಲಿ ತಲೆ ಎಣಿಸಿದ ಮೂರು ದಿನ

ನಮ್ಮ ಮೊದಲ ಮನವಿ ಅರ್ಧ ಪುಟದ್ದು, ಸಹಿಗಳೇ ಹದಿನಾಲ್ಕು ಪುಟ. ಕಲಬುರಗಿಗೆ ಲಘು ರೈಲು, ಅಂದರೆ ಮೆಟ್ರೋಗಿಂತ ಚಿಕ್ಕದಾದ ನಗರ ರೈಲು ಬೇಕು. ರೈಲು ನಿಲ್ದಾಣದಿಂದ ಹೊರಟು, ಸೇಡಂ ರಸ್ತೆ ಹಿಡಿದು, ಗುಲ್ಬರ್ಗಾ ವಿಶ್ವವಿದ್ಯಾಲಯದವರೆಗೆ. ಕಚೇರಿಯೊಂದರಲ್ಲಿ ಅದನ್ನು ಪೂರ್ತಿ ಓದಿದ ಅಧಿಕಾರಿ ಕೇಳಿದ್ದು ಒಂದೇ ಮಾತು: "ಬೆಳಗ್ಗೆ ಜನ ಹೆಚ್ಚಿರುವ ಒಂದು ಗಂಟೆಯಲ್ಲಿ, ಒಂದೇ ದಿಕ್ಕಿಗೆ ಎಷ್ಟು ಮಂದಿ ಹೋಗುತ್ತಾರೆ?" ನಾವು ಆರು ಮಂದಿ ಹೋಗಿದ್ದೆವು. ಒಬ್ಬರಿಗೂ ಗೊತ್ತಿರಲಿಲ್ಲ. ಆ ಪ್ರಶ್ನೆ ಕೇಳಿದವರಿಗೆ ನಾನು ಇಂದಿಗೂ ಋಣಿ.

ಎಣಿಸಲು ಆರಿಸಿಕೊಂಡ ಜಾಗ ಇಎಸ್‌ಐಸಿ ಆಸ್ಪತ್ರೆಯ ಮುಂದಿನ ರಸ್ತೆ. ಸೋಮವಾರದಿಂದ ಬುಧವಾರದವರೆಗೆ, ಬೆಳಗ್ಗೆ ಎಂಟರಿಂದ ಹನ್ನೊಂದು. ರಸ್ತೆಯ ಆಚೆಗೆ ಮೂವರು, ಈಚೆಗೆ ಮೂವರು. ಒಬ್ಬರಿಗೆ ಬಸ್, ಒಬ್ಬರಿಗೆ ಬೈಕ್ ಮತ್ತು ಕಾರು, ನನಗೆ ಟಂಟಂ, ಅಂದರೆ ಹತ್ತಾರು ಜನ ಹಂಚಿಕೊಂಡು ಹೋಗುವ ಆಟೋ. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕುವ ಹಳೆಯ ಲೆಕ್ಕ. ಹದಿನೈದು ನಿಮಿಷಕ್ಕೊಂದು ಹೊಸ ಹಾಳೆ.

ಟಂಟಂ ಎಣಿಸುವುದು ಎಲ್ಲಕ್ಕಿಂತ ಕಷ್ಟ. ಚಾಲಕನ ಎಡಬಲಕ್ಕೆ ಇಬ್ಬರು, ಹಿಂದೆ ಎದುರು ಬದುರಾಗಿ ಕುಳಿತವರು, ಅವರ ತೊಡೆಯ ಮೇಲೆ ಮಕ್ಕಳು. ಓಡುವ ಗಾಡಿಯಲ್ಲಿ ತಲೆ ಕಾಣುವುದಿಲ್ಲ. ಮೊದಲ ದಿನ ಅಂದಾಜು ಬರೆದೆ, ಮನಸ್ಸು ಒಪ್ಪಲಿಲ್ಲ, ಆ ಹಾಳೆಗಳನ್ನು ಕೈಬಿಟ್ಟೆ. ಮರುದಿನದಿಂದ ನಿಂತ ಗಾಡಿಯ ಜನರನ್ನು ಮಾತ್ರ ಎಣಿಸಿ, ಅದರ ಸರಾಸರಿಯನ್ನು ಓಡುವ ಗಾಡಿಗಳಿಗೆ ಹಚ್ಚಿದೆ. ಮನವಿಯಲ್ಲಿ ಹಾಗೆಂದೇ ಬರೆದೆವು.

ಹೀಗೆ ನಿಂತಿದ್ದಾಗ ಟಂಟಂನಿಂದ ಇಳಿದ ಅಜ್ಜಿಯೊಬ್ಬರು, ಎಕ್ಸ್‌ರೇ ಲಕೋಟೆಯನ್ನು ಸೆರಗಿನಡಿ ಇಟ್ಟುಕೊಂಡೇ, ಏನು ಬರೆಯುತ್ತಿದ್ದೀರಿ ಎಂದು ಕೇಳಿದರು. ಹೇಳಿದೆ. "ಯಪ್ಪಾ, ರೈಲು ಬಂದರೆ ದವಾಖಾನೆಯ ಮುಂದೆಯೇ ನಿಲ್ಲುತ್ತದೇನು? ಮೆಟ್ಟಿಲು ಹತ್ತಬೇಕೇನು?" ಎಂದರು. ಮೆಟ್ಟಿಲ ಮಾತು ನಮ್ಮ ಮನವಿಯಲ್ಲಿ ಎಲ್ಲಿಯೂ ಇರಲಿಲ್ಲ. ಅಂದೇ ಸೇರಿಸಿದೆ: ಹಳಿ ರಸ್ತೆಯ ಮಟ್ಟದಲ್ಲಿಯೇ ಇರಲಿ.

ಲೆಕ್ಕ ಕೂಡಿಸಿದ ರಾತ್ರಿ ನಿರಾಸೆಯಾಯಿತು. ಕೇಂದ್ರ ಸರ್ಕಾರ 2019ರಲ್ಲಿ ಮೆಟ್ರೋಲೈಟ್‌ಗೆ, ಅಂದರೆ ನಾವು ಕೇಳಿದಂಥ ಲಘು ರೈಲಿಗೆ ಮಾನದಂಡ ತಂದಿತು. ಗಂಟೆಗೆ ಒಂದು ದಿಕ್ಕಿಗೆ 15,000 ಜನರವರೆಗಿನ ಮಾರ್ಗಕ್ಕೆ ಅದು. 2020ರಲ್ಲಿ ಬಂದ ಮೆಟ್ರೋ ನಿಯೋ 8,000 ಜನರವರೆಗೆ. ಅದು ಹಳಿಯಿಲ್ಲದೆ ರಬ್ಬರ್ ಗಾಲಿಯ ಮೇಲೆ ಓಡುವ ವಿದ್ಯುತ್ ಗಾಡಿ. ಹಳಿಯಿಲ್ಲದ ಗಾಡಿಯೇ ಸಾಕಾಗುವ ಆ ಎಂಟು ಸಾವಿರದ ಸನಿಹಕ್ಕೂ ನಮ್ಮ ಎಣಿಕೆ ಬರಲಿಲ್ಲ. ಸಂಖ್ಯೆಯನ್ನು ಸ್ವಲ್ಪ ಹಿಗ್ಗಿಸೋಣ ಎಂದು ಗೆಳೆಯರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಒಂದು ಸುಳ್ಳು ಅಂಕಿ ಸಿಕ್ಕಿಬಿದ್ದರೆ ಸಹಿ ಹಾಕಿದ ಅಷ್ಟೂ ಜನರ ಮಾತು ಹಗುರವಾಗುತ್ತದೆ.

ಬದಲಿಗೆ ಬೇಡಿಕೆಯನ್ನೇ ತಿದ್ದಿದೆವು. 2017ರ ಮೆಟ್ರೋ ರೈಲು ನೀತಿಯ ಪ್ರಕಾರ ಮೊದಲು ನಗರಕ್ಕೆ ಸಮಗ್ರ ಸಂಚಾರ ಯೋಜನೆ ಬೇಕು, ಬಸ್ಸೂ ಸೇರಿ ಬೇರೆ ದಾರಿಗಳನ್ನು ತೂಗಿ ನೋಡಬೇಕು. ಆದ್ದರಿಂದ ಹೊಸ ಮನವಿಯಲ್ಲಿ ಮೂರೇ ಮಾತು: ಆ ಯೋಜನೆಯಲ್ಲಿ ಸೇಡಂ ರಸ್ತೆಯ ಅಧ್ಯಯನವಾಗಲಿ, ಈಗಿನಿಂದಲೇ ಬೆಳಗಿನ ಹೊತ್ತು ಹತ್ತು ನಿಮಿಷಕ್ಕೊಂದು ನಗರ ಬಸ್ ಓಡಲಿ, ರಸ್ತೆ ಅಗಲಿಸುವಾಗ ನಡುವಿನ ಜಾಗವನ್ನು ಮುಂದಿನ ಹಳಿಗಾಗಿ ಕಾದಿರಿಸಲಿ. ಪಾಲಿಕೆಗೆ ಒಂದು ಪ್ರತಿ, ಜಿಲ್ಲಾಧಿಕಾರಿಗೆ ಒಂದು, ಬೆಂಗಳೂರಿನ ನಗರ ಭೂಸಾರಿಗೆ ನಿರ್ದೇಶನಾಲಯಕ್ಕೆ ಒಂದು. ಎಣಿಕೆಯ ಹಾಳೆಗಳ ನಕಲನ್ನು ಹಿಂದೆ ಲಗತ್ತಿಸಿದೆವು.

ಇನ್ನೂ ಬಾರದ ರೈಲಿಗೆ ಜಾಗ ಕಾಯುವುದೇಕೆ ಎಂದು ಕೇಳುವವರಿಗೆ ಬೀದರ್ ಮಾರ್ಗವನ್ನು ನೆನಪಿಸುತ್ತೇನೆ. ತೊಂಬತ್ತರ ದಶಕದಲ್ಲಿ ಮಂಜೂರಾದ ಆ ಸುಮಾರು 110 ಕಿಲೋಮೀಟರ್ ಹಳಿಯ ಮೇಲೆ ಬೀದರ್‌ನಿಂದ ಕಲಬುರಗಿಗೆ ರೈಲು ಹೊರಟಿದ್ದು 2017ರ ಅಕ್ಟೋಬರ್‌ನಲ್ಲಿ. ಅಷ್ಟು ವರ್ಷ ಸೇಡಂ ರಸ್ತೆಯ ನಡುಭಾಗ ನಮಗಾಗಿ ಖಾಲಿ ಉಳಿಯುವುದಿಲ್ಲ.

ಎರಡನೆಯ ಸಲ ಅದೇ ಅಧಿಕಾರಿ ಹಾಳೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. "ಸಂಜೆಯ ಲೆಕ್ಕ ಎಲ್ಲಿ?" ಎಂದು ಕೇಳಿದರು. ಬರುವ ಸೋಮವಾರ ಸಂಜೆ ನಾಲ್ಕಕ್ಕೆ ಅದೇ ಜಾಗದಲ್ಲಿ ಸೇರುತ್ತಿದ್ದೇವೆ.