‘ಕೊನೆಯ ಸಾಲಿನಿಂದ ಓದು ಮರಿ’

ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡು, ಚಟುವಟಿಕೆಗಳಿಂದ ಕಲಿಯುವ ನಲಿ-ಕಲಿಯಲ್ಲಿ ಯಾವ ಮಗು ಯಾವ ಮೆಟ್ಟಿಲಲ್ಲಿದೆ ಅಂತ ಕಲಿಕಾ ಏಣಿ ನೋಡಿದರೆ ಗೊತ್ತಾಗುತ್ತದೆ. ಅದೇ ಮಗು ನಾಲ್ಕನೇ ತರಗತಿಗೆ, ಅಂದರೆ ನನ್ನ ಕೈಗೆ ಬಂದ ಮೇಲೆ ಏಣಿ ಇಲ್ಲ. ವರ್ಷದಲ್ಲಿ ನಾಲ್ಕು ಎಫ್‌ಎ (ಕಲಿಕೆಯ ನಡುವಿನ ಮೌಲ್ಯಮಾಪನ), ಎರಡು ಎಸ್‌ಎ (ಅರ್ಧವರ್ಷದ ಕೊನೆಯ ಪರೀಕ್ಷೆ) ಅಂಕ ಅಷ್ಟೆ. ಆ ಅಂಕ ನಂಬಿ ಮೋಸ ಹೋದೆ.

ಒಬ್ಬ ಹುಡುಗ ಪಾಠ ಗಡಗಡ ಓದುತ್ತಿದ್ದ. ಒಂದು ದಿನ ಸುಮ್ಮನೆ ‘ಕೊನೆಯ ಸಾಲಿನಿಂದ ಓದು ಮರಿ’ ಅಂದೆ. ಬಾಯಿ ಕಟ್ಟಿತು. ಬೆರಳು ಸಾಲಿನ ಮೇಲೆ, ಕಣ್ಣು ನನ್ನ ಮುಖದ ಮೇಲೆ. ಇಡೀ ಪಾಠ ಅವನಿಗೆ ಬಾಯಿಪಾಠ!

ಮರುದಿನ ಒಂದು ಉದ್ದ ನೋಟ್‌ಬುಕ್ ತಂದು ಮಗುವಿಗೆ ಎರಡೆರಡು ಪುಟ ಬಿಟ್ಟೆ. 22 ಮಕ್ಕಳು. ಬಿಸಿಯೂಟ ಮುಗಿದು ಗಂಟೆ ಹೊಡೆಯುವುದರೊಳಗೆ ದಿನಕ್ಕೆ ಮೂವರು. ಎಂಟು ದಿನಕ್ಕೊಂದು ಸುತ್ತು. ಹಿಂದೆ ಓದಿರದ ಪುಟ ಕೊಟ್ಟು ನಿಮಿಷಕ್ಕೆ ಎಷ್ಟು ಪದ ಅಂತ ಎಣಿಸತೊಡಗಿದೆ. ಅದು ನನ್ನ ದಡ್ಡತನ. ಕನ್ನಡದಲ್ಲಿ ‘ಮರ’ವೂ ಒಂದು ಪದ, ‘ಓದುತ್ತಿದ್ದಳಂತೆ’ಯೂ ಒಂದು ಪದ. ಸಾಲದ್ದಕ್ಕೆ ಮಕ್ಕಳು ಓಟಕ್ಕೆ ಬಿದ್ದು ಪದದ ಬಾಲ ನುಂಗತೊಡಗಿದರು, ‘ಮರದಿಂದ’ ಹೋಗಿ ‘ಮರದ’ ಆಯಿತು. ಗಡಿಯಾರ ಬಿಟ್ಟು ತಪ್ಪು ಗುರುತಿಸಲು ಕೂತೆ. ದೀರ್ಘ ತಪ್ಪಿದರೆ ಸೊನ್ನೆ, ಒತ್ತು ಬಿಟ್ಟರೆ ಅಡಿಗೆರೆ, ತಾನೇ ತಿದ್ದಿಕೊಂಡರೆ ರೈಟ್ ಮಾರ್ಕು. ಈ ರೈಟ್ ಮಾರ್ಕೇ ನನಗೆ ಮುಖ್ಯ. ತಿದ್ದಿಕೊಳ್ಳುವ ಮಗು ಅರ್ಥ ಹಿಡಿದು ಓದುತ್ತಿರುತ್ತದೆ.

ಎರಡು ಸುತ್ತು ಮುಗಿಸಿ ಪುಟ ತಿರುವಿದೆ. ‘ಓದು ಬರಲ್ಲ’ ಅಂತ ಒಂದೇ ಸಾಲಿಗೆ ಕೂರಿಸಿದ್ದ ಏಳು ಮಕ್ಕಳಲ್ಲಿ ನಾಲ್ವರಿಗೆ ಕಾಗುಣಿತ ಪಕ್ಕಾ ಇತ್ತು! ತೊಡಕೆಲ್ಲ ಒತ್ತಕ್ಷರದಲ್ಲಿ, ಅದೂ ತ, ಮ, ನ, ಯ, ಲ ಥರ ಒತ್ತಾದಾಗ ರೂಪವೇ ಬದಲಾಗುವವುಗಳಲ್ಲಿ. ‘ಕಪ್ಪೆ’, ‘ಅಜ್ಜಿ’ ಸಲೀಸು. ‘ಕತ್ತೆ’ ಬಂದರೆ ‘ಕತೆ’. ‘ಅಮ್ಮ’ ಕಂಡು ಗೊತ್ತಿದ್ದರಿಂದ ಓದುತ್ತಿದ್ದರು, ‘ಗುಮ್ಮ’ ಮಾತ್ರ ‘ಗುಮ’. ಹತ್ತು ಹದಿನೈದು ದಿನ ಆ ಐದು ಒತ್ತುಗಳನ್ನೇ ಹಿಡಿದು ಕೂತೆವು.

ಉಳಿದ ಮೂವರಿಗೆ ಅಕ್ಷರವೇ ನಿಂತಿರಲಿಲ್ಲ, ಮ-ವ ಕಲಸಿಹೋಗುತ್ತಿತ್ತು. ದಿನಾ ಅರ್ಧ ಗಂಟೆ ನಲಿ-ಕಲಿ ಕೋಣೆಗೆ ಕಳಿಸಿದೆ, ಅಲ್ಲಿ ಮೊದಲು ಕಲಿಸುವ ‘ರ ಗ ಸ ದ ಅ’ದಿಂದ ಶುರು. ಅವಮಾನ ಆಗದಿರಲಿ ಅಂತ, ಚಿಕ್ಕವರಿಗೆ ಕಾರ್ಡು ಹಂಚುವ ಕೆಲಸ ಅಂತ ಹೇಳಿದ್ದೆ.

ಗೋಡೆಗೊಂದು ನಕ್ಷತ್ರದ ಚಾರ್ಟೂ ಹಾಕಿದ್ದೆ. ಮೂರನೇ ದಿನ ಒಬ್ಬ ತಾಯಿ ಕೂಲಿ ಬಿಟ್ಟು ಬಂದು, ‘ನಮ್ ಹುಡುಗಿ ಹೆಸರಿನ ಮುಂದೆ ಏನೂ ಇಲ್ವಂತಲ್ಲ ಟೀಚರ್’ ಅಂದರು. ಆವತ್ತೇ ಕಿತ್ತೆ.

ಡಿಸೆಂಬರ್ ಹೊತ್ತಿಗೆ ಆ ಗಡಗಡ ಹುಡುಗ ಮೊದಲಿಗಿಂತ ನಿಧಾನವಾಗಿ ಓದುತ್ತಿದ್ದ. ಪುಟದಲ್ಲಿ ಒಂದೇ ದಿನ ನಾಲ್ಕು ರೈಟ್ ಮಾರ್ಕು.

ಏಪ್ರಿಲ್‌ನಲ್ಲಿ ಆ ನೋಟ್‌ಬುಕ್ಕನ್ನು ಐದನೇ ತರಗತಿ ಮೇಷ್ಟ್ರಿಗೆ ಒಪ್ಪಿಸಿದೆ. ಮಕ್ಕಳ ಅಂಕವನ್ನೆಲ್ಲ ನಾವು ‘ಸ್ಯಾಟ್ಸ್’ ಅನ್ನುವ ಇಲಾಖೆಯ ಆನ್‌ಲೈನ್ ದಾಖಲೆಗೆ ತುಂಬಬೇಕು. ಮೇಷ್ಟ್ರು ನಿಧಾನವಾಗಿ ತಿರುವಿ ನೋಡಿ ಕೇಳಿದರು: ‘ಎಲ್ಲಾ ಸರಿ ಮೇಡಂ, ಇದನ್ನ ಸ್ಯಾಟ್ಸ್‌ನಲ್ಲಿ ಎಲ್ಲಿ ಎಂಟ್ರಿ ಮಾಡೋದು?’