ರದ್ದಿ ರಟ್ಟು ಹಲಗೆಯ ಮೈಗೆ, ಹೊಟ್ಟೆಗಲ್ಲ

ಪಾರ್ಟಿಕಲ್ ಬೋರ್ಡಿಗೆ, ಅಂದರೆ ಮರದ ಹೊಟ್ಟಿಗೆ ಅಂಟು ಬೆರೆಸಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಮಾಡುವ ಹಲಗೆಗೆ, ರದ್ದಿ ಕಾಗದ ಸೇರಿಸುವಾಗ ಮರದ ಹೊಟ್ಟಿನ ಜೊತೆ ಎಲ್ಲವನ್ನೂ ಒಟ್ಟಿಗೆ ಕಲಸಿದರೆ, ಪ್ರೆಸ್ ಬಿಚ್ಚಿದ ಕೂಡಲೇ ಹಲಗೆ ನಡುವಿನಲ್ಲಿ ಪೂರಿಯಂತೆ ಉಬ್ಬಿ ಎರಡಾಗುತ್ತದೆ. ಈಗ ನಾನು ಕಾಗದವನ್ನು ಮೇಲಿನ ಮತ್ತು ಕೆಳಗಿನ ಪದರಕ್ಕೆ, ಅಂದರೆ ಹಲಗೆಯ ಮೈಗೆ, ಮಾತ್ರ ಹಾಕುತ್ತೇನೆ. ನಡುವೆ, ಅಂದರೆ ಹೊಟ್ಟೆಯಲ್ಲಿ, ಬರೀ ಮರ.

ಮರಕ್ಕೆ ನಮ್ಮಲ್ಲಿ ಬರವಿಲ್ಲ. ಶಿವಮೊಗ್ಗ, ಸಾಗರದ ಸಾಮಿಲ್‌ಗಳಲ್ಲಿ ಅಕೇಶಿಯಾ, ಸಿಲ್ವರ್ ಓಕ್ ಹೊಟ್ಟು ಮೂಟೆಗಟ್ಟಲೆ ಸಿಗುತ್ತದೆ. ನಡುವಿನ ಪದರಕ್ಕೆ ಪ್ಲೇನರ್ ಮಿಷನ್ನಿನ ಸುರುಳಿ ಹೊಟ್ಟನ್ನು ಪುಡಿಮಾಡಿ ಬಳಸಬೇಕು, ಗರಗಸದ ನುಣ್ಣನೆ ಪುಡಿ ಬೇಡ. ಪುಡಿ ನುಣುಪಾದಷ್ಟೂ ರೆಸಿನ್ (ಅಂಟು) ಹೆಚ್ಚು ಕುಡಿಯುತ್ತದೆ.

ಕಾಗದದಲ್ಲಿ ರಟ್ಟಿನ ಡಬ್ಬಕ್ಕೆ ಮೊದಲ ಸ್ಥಾನ: ನಾರು ಉದ್ದ, ತುಂಬುಪುಡಿ (ಕಾಗದಕ್ಕೆ ಸೇರಿಸುವ ಖನಿಜದ ಪುಡಿ) ಕಡಿಮೆ. ಹಳೆ ದಿನಪತ್ರಿಕೆಯೂ ನಡೆಯುತ್ತದೆ. ಮಿರುಗುವ ಮ್ಯಾಗಜೀನ್, ಟೀ ಕಪ್, ಅಂಗಡಿಯ ಬಿಲ್ಲು ಬೇಡವೇ ಬೇಡ. ಕಪ್ಪಿನ ಒಳಗಿನ ಪ್ಲಾಸ್ಟಿಕ್ ಪದರ ಕರಗಿ ಪ್ರೆಸ್ ತಟ್ಟೆಗೆ ಅಂಟಿದರೆ ಅರ್ಧ ದಿನ ಕೆರೆಯಬೇಕು. ಅನುಮಾನವಿದ್ದರೆ 10 ಗ್ರಾಂ ಕಾಗದವನ್ನು ಸ್ಟೀಲ್ ತಟ್ಟೆಯಲ್ಲಿ ಕಪ್ಪು ಹೋಗುವವರೆಗೆ ಸುಟ್ಟು ಬೂದಿ ತೂಗಿ. 2 ಗ್ರಾಂ ಉಳಿದರೆ ಐದರಲ್ಲಿ ಒಂದು ಪಾಲು ಖನಿಜದ ಪುಡಿ ಎಂದರ್ಥ. ಬೂದಿಗೆ ನಿಂಬೆರಸ ಹಿಂಡಿ; ನೊರೆ ಎದ್ದರೆ ಅದರಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ.

ತೊಂದರೆಯ ಮೂಲವೂ ಅದೇ. ಯೂರಿಯಾ ಫಾರ್ಮಾಲ್ಡಿಹೈಡ್ ರೆಸಿನ್ ಗಟ್ಟಿಯಾಗಲು ಹುಳಿ ಬೇಕು, ಕಾರ್ಬೊನೇಟ್ ಆ ಹುಳಿಯನ್ನು ತಿಂದುಹಾಕುತ್ತದೆ. ಹಲಗೆಯ ನಡುವಿಗೆ ಬಿಸಿ ಕೊನೆಗೆ ತಲುಪುತ್ತದೆ. ಕಾಗದ ಅಲ್ಲಿದ್ದರೆ ಅಂಟು ಹಸಿಯಾಗಿಯೇ ಉಳಿಯುತ್ತದೆ, ಒತ್ತಿದ ನಾರು ಆವಿಯ ದಾರಿಯನ್ನೂ ಮುಚ್ಚುತ್ತದೆ. ಮೈ ಮೇಲಾದರೆ ಬಿಸಿ ನೇರವಾಗಿ ತಾಗುವುದರಿಂದ ತಡವಾದರೂ ಗಟ್ಟಿಯಾಗುತ್ತದೆ. ಒತ್ತಡ ಬೀಳುವ ಮೊದಲೇ ಮೇಲ್ಪದರ ಬೆಂದು ಪುಡಿಯಾಗುವ ಕಾಟವೂ ಇರುವುದಿಲ್ಲ.

ರಟ್ಟಿನ ಪಿನ್, ಟೇಪು ಕಿತ್ತು, ಚೂರು ಮಾಡಿ, 4 ಮಿ.ಮೀ. ಜರಡಿಯ ಹ್ಯಾಮರ್ ಮಿಲ್ಲಿಗೆ (ತಿರುಗುವ ಸುತ್ತಿಗೆಗಳಿಂದ ಬಡಿದು ಪುಡಿಮಾಡುವ ಗಿರಣಿ) ಹಾಕುತ್ತೇನೆ. ಹತ್ತಿಯಂತೆ ಅರಳಿ ಬರಬೇಕು. ತೇವ ಇದ್ದರೆ ಅರಳದೆ ಚಕ್ಕೆ ಚಕ್ಕೆಯಾಗಿ ಬೀಳುತ್ತದೆ.

60×60 ಸೆಂ.ಮೀ., 12 ಮಿ.ಮೀ. ದಪ್ಪದ ಹಲಗೆಗೆ ನನ್ನ ಲೆಕ್ಕ: ನಡುವಿಗೆ ಹೊಟ್ಟು 1,590 ಗ್ರಾಂ. ಎರಡೂ ಮೈ ಸೇರಿ ಕಾಗದದ ನಾರು 530 ಗ್ರಾಂ, ನುಣ್ಣನೆ ಮರದ ಪುಡಿ 530 ಗ್ರಾಂ. ಶೇ. 60 ಘನಾಂಶದ ರೆಸಿನ್ ನಡುವಿಗೆ 220 ಗ್ರಾಂ, ಮೈಗೆ 205 ಗ್ರಾಂ. ಅಂಟನ್ನು ಗಟ್ಟಿಮಾಡುವ ಹುಳಿ ಕೊಡುವ ಅಮೋನಿಯಂ ಕ್ಲೋರೈಡ್ ನಡುವಿಗೆ 2 ಗ್ರಾಂ, ಮೈಗೆ ಅರ್ಧ ಗ್ರಾಂ ಸಾಕು. ನೀರಿನಲ್ಲಿ ಕರಗಿಸಿ ರೆಸಿನ್ನಿಗೆ ಸೇರಿಸಬೇಕು. ನೀರು ಹೀರುವುದನ್ನು ತಡೆಯಲು ಮೇಣದ ಎಮಲ್ಷನ್ (ನೀರಿನಲ್ಲಿ ಬೆರೆಸಿದ ಮೇಣ) 30 ಗ್ರಾಂ. ಹಲಗೆ 3 ಕಿಲೋ ತೂಗುತ್ತದೆ, ಅಂದರೆ ಘನಮೀಟರಿಗೆ ಸುಮಾರು 700 ಕಿಲೋ. ಪಾರ್ಟಿಕಲ್ ಬೋರ್ಡಿನ ಭಾರತೀಯ ಮಾನಕ ಐಎಸ್ 3087 ಹೇಳುವ 500–900ರ ಒಳಗೇ ಇದೆ.

ಈ ತೂಕಗಳೆಲ್ಲ ಶೇ. 3 ತೇವಾಂಶಕ್ಕೆ ಇಳಿಸಿದ ಸಾಮಾನಿಗೆ. ಮಲೆನಾಡಿನಲ್ಲಿ ಕಷ್ಟವಿರುವುದೇ ಇಲ್ಲಿ. ಆಷಾಢದಲ್ಲಿ ಬೆಳಿಗ್ಗೆ ಒಣಗಿಸಿದ ನಾರು ಮಧ್ಯಾಹ್ನಕ್ಕೆ ಮೆತ್ತಗಾಗಿರುತ್ತದೆ. ಅಡಿಕೆ ಡ್ರೈಯರ್‌ನಲ್ಲಿ 60–70 ಡಿಗ್ರಿಗೆ ಒಣಗಿಸಿ, ಬಿಸಿಯಿರುವಾಗಲೇ ಪಾಲಿಥೀನ್ ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತೇನೆ. ಅರಳಿದ ನಾರಿಗೆ ಒಂದು ಕಿಡಿ ಸಾಕು, ಬೆಂಕಿಯ ಹೊಗೆ ನೇರ ಬರುವ ಡ್ರೈಯರ್ ಬೇಡ. 100 ಗ್ರಾಂ ತೆಗೆದು 103 ಡಿಗ್ರಿ ಓವನ್‌ನಲ್ಲಿ ತೂಕ ನಿಲ್ಲುವವರೆಗೆ ಇಟ್ಟು ನೋಡಿ. 97 ಗ್ರಾಂ ಉಳಿದರೆ ಸರಿ.

ನಾರಿಗೆ ನೇರವಾಗಿ ರೆಸಿನ್ ಸುರಿದರೆ ಅಡಿಕೆ ಗಾತ್ರದ ಉಂಡೆಗಳಾಗುತ್ತವೆ, ಹಲಗೆಯ ಮೇಲೆ ಕಪ್ಪು ಮಚ್ಚೆ ಬೀಳುತ್ತದೆ. ಮೊದಲು ಮರದ ಪುಡಿ ಬೆರೆಸಿ, ತಿರುಗುವ ಡ್ರಮ್ಮಿನಲ್ಲಿ ಮಂಜಿನಂತೆ ಸಿಂಪಡಿಸಬೇಕು. ಆಮೇಲೆ ಒಮ್ಮೆ ಜರಡಿ ಹಿಡಿಯಬೇಕು.

ಮೈ, ಹೊಟ್ಟೆ, ಮೈ ಎಂದು ಚೌಕಟ್ಟಿನಲ್ಲಿ ಹರಡಿ ಕೈಯಿಂದ ಒತ್ತಿ, ಅಂಚಿಗೆ 12 ಮಿ.ಮೀ. ಕಬ್ಬಿಣದ ಪಟ್ಟಿ ಇಟ್ಟು ಪ್ರೆಸ್ಸಿಗೆ. 160 ಡಿಗ್ರಿ, ಚದರ ಸೆಂ.ಮೀ.ಗೆ 30 ಕಿಲೋ. ಇಷ್ಟಗಲಕ್ಕೆ 108 ಟನ್ ಆಯಿತು. ಸಮಯ 5 ನಿಮಿಷ. ಕೊನೆಯ 40 ಸೆಕೆಂಡು ಒತ್ತಡವನ್ನು ಹಂತ ಹಂತವಾಗಿ ಇಳಿಸಬೇಕು. ಅಂಚಿನಿಂದ ಆವಿ ಸುಸ್ಸೆಂದು ಹೋಗುವುದು ಕೇಳಿಸುತ್ತದೆ. ಅದು ನಿಂತ ಮೇಲೆಯೇ ತೆರೆಯಿರಿ. ಆತುರಪಟ್ಟರೆ ಠಪ್ ಎನ್ನುತ್ತದೆ, ಹಲಗೆ ಹೋದಂತೆಯೇ. ಫಾರ್ಮಾಲ್ಡಿಹೈಡ್ ಕಣ್ಣು ಉರಿಸುತ್ತದೆ, ಪ್ರೆಸ್ಸಿನ ಮೇಲೆ ಎಕ್ಸಾಸ್ಟ್ ಫ್ಯಾನ್ ಇರಲೇಬೇಕು.

ಬಿಸಿ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿದರೆ ಒಳಗಿನ ಶಾಖಕ್ಕೆ ಅಂಟು ಮತ್ತೆ ಸಡಿಲವಾಗುತ್ತದೆ. ನಡುವೆ ರೀಪು ಇಟ್ಟು ಎರಡು ದಿನ ಬಿಟ್ಟು ಅಂಚು ಕತ್ತರಿಸುತ್ತೇನೆ. ಕತ್ತರಿಸಿದ ಅಂಚಿನ ನಡು ಬರೀ ಮರವಾದ್ದರಿಂದ ಸ್ಕ್ರೂ ಹಿಡಿಯುತ್ತದೆ, ನಾರಿನ ಮೈ ನುಣುಪಾಗಿದ್ದು ಸನ್‌ಮೈಕಾ ಚೆನ್ನಾಗಿ ಕೂರುತ್ತದೆ. ಪ್ರತಿ ಸಲವೂ 5×5 ಸೆಂ.ಮೀ. ತುಂಡೊಂದನ್ನು 24 ಗಂಟೆ ನೀರಿನಲ್ಲಿ ಮುಳುಗಿಸಿ ದಪ್ಪ ಅಳೆಯುತ್ತೇನೆ. ಮೈಯಲ್ಲಿ ಕಾಗದ ಇರುವುದರಿಂದ ಬರೀ ಮರದ ಹಲಗೆಗಿಂತ ಜಾಸ್ತಿಯೇ ಊದುತ್ತದೆ. ಮೆಲಮಿನ್ ಸೇರಿಸಿದ ರೆಸಿನ್ ಬಳಸಿದರೆ ಸ್ವಲ್ಪ ತಡೆಯುತ್ತದೆ, ಖರ್ಚು ಹೆಚ್ಚು. ಕಪಾಟಿಗೆ, ಮೇಜಿಗೆ ಕೊಡುತ್ತೇನೆ. ಬಚ್ಚಲ ಬಾಗಿಲಿಗೆ ಕೇಳಿದವರಿಗೆ ಇಲ್ಲ ಅನ್ನುತ್ತೇನೆ.