ವಿಡಿಯೊ ತಡವಾಗಿ ಆರಂಭವಾಗುತ್ತಿದ್ದುದಕ್ಕೆ ಕಂಡ ಕಾರಣ

ತುಮಕೂರಿನ ನಮ್ಮ ಮನೆಯ ಹಳೆಯ ಕಂಪ್ಯೂಟರನ್ನೇ ಸರ್ವರ್ ಆಗಿಸಿ, ಸಿದ್ಧಗಂಗೆಯ ಜಾತ್ರೆಯಲ್ಲಿ ಚಿತ್ರೀಕರಿಸಿದ 20 ನಿಮಿಷಗಳ ಎಂಪಿ4 ವಿಡಿಯೊವನ್ನು ಅದರಲ್ಲಿಟ್ಟಾಗ, ಅಮ್ಮನ ಮೊಬೈಲಿನಲ್ಲಿ ಕಡತವೆಲ್ಲ ಇಳಿದ ಮೇಲಷ್ಟೇ ಚಿತ್ರ ಮೂಡುತ್ತಿತ್ತು. ವೈಫೈಯನ್ನು ಶಂಕಿಸಿ ಎರಡು ಸಂಜೆ ವ್ಯರ್ಥ ಮಾಡಿದೆ. ನಿಜವಾದ ಕಾರಣ ಕಡತದಲ್ಲೇ ಇತ್ತು. ಯಾವ ಫ್ರೇಮ್ (ವಿಡಿಯೊದ ಒಂದೊಂದು ಚಿತ್ರ) ಕಡತದ ಯಾವ ಜಾಗದಲ್ಲಿದೆ ಎಂದು ತಿಳಿಸುವ ‘ಮೂವ್’ ಎಂಬ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯಲಾಗುತ್ತದೆ, ಏಕೆಂದರೆ ಎಲ್ಲ ಫ್ರೇಮ್‌ಗಳನ್ನು ಬರೆದು ಮುಗಿಸುವವರೆಗೆ ಅವುಗಳ ಸ್ಥಾನ ಖಚಿತವಾಗಿರುವುದಿಲ್ಲ. ಈ ಸೂಚಿ ಸಿಗದೆ ಬ್ರೌಸರ್ ಚಿತ್ರ ತೋರಿಸಲಾರದು. ಕೇಳಿದ ತುಣುಕನ್ನಷ್ಟೇ ಕಳುಹಿಸಬಲ್ಲ ಸರ್ವರ್ ಆಗಿದ್ದರೆ ಬ್ರೌಸರ್ ನೇರವಾಗಿ ಕೊನೆಯ ಭಾಗವನ್ನು ತರಿಸಿಕೊಳ್ಳುತ್ತಿತ್ತು. ನನ್ನ ಪುಟ್ಟ ಸರ್ವರ್‌ಗೆ ಆ ವಿದ್ಯೆ ತಿಳಿದಿರಲಿಲ್ಲ. ವಿಡಿಯೊ ಕಡತಗಳನ್ನು ಮಾರ್ಪಡಿಸುವ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಲ್ಲಿ, ಚಿತ್ರ-ಧ್ವನಿಗಳನ್ನು ಇದ್ದಂತೆಯೇ ನಕಲಿಸುವ ‘ಕಾಪಿ’ಯೊಡನೆ ‘ಫಾಸ್ಟ್‌ಸ್ಟಾರ್ಟ್’ ಆಯ್ಕೆಯನ್ನು ಬಳಸಿ, ಮತ್ತೆ ಎನ್‌ಕೋಡ್ (ಹೊಸದಾಗಿ ಸಂಕುಚಿಸುವುದು) ಮಾಡದೆಯೇ ಸೂಚಿಯನ್ನು ಮುಂದಕ್ಕೆ ತಂದೆ. ಗುಣಮಟ್ಟ ಕುಂದಲಿಲ್ಲ, ಒತ್ತಿದ ಕೆಲವೇ ಕ್ಷಣಗಳಲ್ಲಿ ವಿಡಿಯೊ ಆರಂಭವಾಯಿತು.